ಎಲ್ಲರಿಗೂ ಮೂರನೇ ಪ್ಯಾಕೇಜು

ಹೊಳಲ್ಕೆರೆಯಲ್ಲಿ ಯಾರ ಮನೆಯ ಮದುವೆ ಗೊತ್ತಾದರೂ ಲಗ್ನಪತ್ರಿಕೆಯ ಕಟ್ಟು ಮೊದಲು ಬಂದು ಬೀಳುತ್ತಿದ್ದುದು ಭಾಗ್ಯಮ್ಮನ ಮನೆಗೆ. ಅವಳ ಅಕ್ಷರ ಅಷ್ಟು ಚಂದ. ತಾಳ್ಯದ ಹುಡುಗಿ, ಟಿ.ಸಿ.ಎಚ್. ಮುಗಿಸಿ ಟೀಚರ್ ಆಗಬೇಕು ಎಂದಿದ್ದವಳು. ನೇಮಕದ ಪಟ್ಟಿಯಲ್ಲಿ ಹೆಸರು ಬರುವುದರೊಳಗೆ ಮದುವೆ ಬಂತು. ಗಂಡ ಮುರುಗೇಶನಿಗೆ ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಗೊಬ್ಬರ, ಬೀಜ, ಬೆಳೆಗೆ ಹೊಡೆಯುವ ಔಷಧಿಯ ಅಂಗಡಿ. ಕರಿಹಲಗೆಯ ಮೇಲೆ ಮೂಡಬೇಕಾಗಿದ್ದ ಅಕ್ಷರವೆಲ್ಲ ಊರವರ ಲಕೋಟೆಗಳ ಮೇಲೆ ಖರ್ಚಾಯಿತು. ಅದಕ್ಕಾಗಿ ಅವಳು ಬೇಸರಪಟ್ಟವಳಲ್ಲ. ಯಾರಾದರೂ ಹೊಗಳಿದರೆ, "ನನ್ನ ಕೈಯೇನೋ ಚೆನ್ನಾಗೈತೆ. ಹಣೆಬರ ಬರೆದೋನ ಕೈ ಹೆಂಗೈತೋ ಕಾಣೆ" ಎಂದು ನಗುತ್ತಿದ್ದಳು.

ಮುರುಗೇಶ ಕುಡಿಯುತ್ತಿದ್ದ. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಎಲ್ಲರೂ ಸುತ್ತಿ ಬಳಸಿ ಮಾತಾಡಿದ್ದರಿಂದಲೇ ಈ ಕಥೆ ಹೇಳುವ ಹಾಗಾಗಿದೆ. ಅವನು ಬೀದಿಯಲ್ಲಿ ಬಿದ್ದವನಲ್ಲ, ಹೆಂಡತಿಯ ಮೇಲೆ ಕೈ ಮಾಡಿದವನಲ್ಲ, ಒಂದು ದಿನವೂ ಏರಿದ ದನಿಯಲ್ಲಿ ಮಾತಾಡಿದವನಲ್ಲ. ಮಧ್ಯಾಹ್ನ ಅಂಗಡಿಯ ಹಿಂದಿನ ಗೋಡೌನಿನಲ್ಲಿ ಗೊಬ್ಬರದ ಮೂಟೆಗಳ ನಡುವೆ ಕೂತು ಕುಡಿದು, ಮುಖ ತೊಳೆದು, ಮನೆಗೆ ಬಂದು ನಗುತ್ತಾ ಊಟ ಮಾಡಿ ಮಲಗುತ್ತಿದ್ದ. ಹೊಡೆಯುವ ಗಂಡನಾಗಿದ್ದರೆ ನಾಲ್ಕು ಜನ ಬಂದು ಪಂಚಾಯ್ತಿ ಮಾಡುತ್ತಿದ್ದರು. ನಗುವ ಗಂಡನ ಮೇಲೆ ಯಾರಿಗೆ ದೂರು ಕೊಡುವುದು? ಹೀಗೆ ಹದಿನೈದು ವರ್ಷ ಕಳೆದು, ಒಂದು ದಿನ ಅವನ ಕಣ್ಣು ಅರಿಶಿನ ಬಳಿದ ಹಾಗೆ ಹಳದಿಯಾದಾಗ ದಾವಣಗೆರೆಯ ಡಾಕ್ಟರು ಭಾಗ್ಯಮ್ಮನನ್ನು ಒಬ್ಬಳನ್ನೇ ಒಳಗೆ ಕರೆದರು.

"ಲಿವರ್ ಅರ್ಧ ಹೋಗಿದೆಯಮ್ಮ. ಬಿಟ್ಟರೆ ಇನ್ನೂ ಇಪ್ಪತ್ತು ವರ್ಷ ಬದುಕ್ತಾರೆ. ಮತ್ತೆ ಮುಟ್ಟಿದ್ರೆ ನನ್ನ ಹತ್ರ ಕರ್ಕೊಂಡು ಬರಬೇಡಿ."

ಕರಾವಳಿಯ ಕಡೆ ಕುಡಿತ ಬಿಡಿಸುವ ಒಂದು ಕೇಂದ್ರವಿತ್ತು. ನಲವತ್ತೈದು ದಿನ ಅಲ್ಲಿಟ್ಟಳು. ಊರಿಗೆ ಮಾತ್ರ, "ಬೆನ್ನುಮೂಳೆ ಜರುಗೈತೆ, ಕೇರಳದಾಗೆ ಎಣ್ಣೆ ಮಸಾಜು ಮಾಡಿಸ್ತಾ ಅವ್ರೆ" ಎಂದಳು. ಸುಳ್ಳು ಹೇಳಿದ ಮೇಲೆ ಅದನ್ನು ಸಾಕಬೇಕಲ್ಲ, ಸಾಕಿದಳು. ನೋವಿನ ಎಣ್ಣೆಯ ಬಾಟಲಿ ತಂದು ಬಾಗಿಲ ಪಕ್ಕದ ಕಿಟಕಿಯಲ್ಲಿಟ್ಟಳು. ವಾಪಸು ಬಂದ ಮುರುಗೇಶ ಜನ ಕಂಡಾಗಲೆಲ್ಲ ಸೊಂಟದ ಮೇಲೆ ಕೈಯಿಟ್ಟುಕೊಂಡು ನಡೆಯುವುದನ್ನು ಕಲಿತ. ಎಷ್ಟರ ಮಟ್ಟಿಗೆ ಎಂದರೆ, ಆರು ತಿಂಗಳಿಗೆ ನಿಜವಾಗಿಯೂ ಸೊಂಟ ನೋಯುತ್ತಿದೆ ಎನ್ನತೊಡಗಿದ. ಗಂಡ ಹೆಂಡತಿ ಇಬ್ಬರೂ ಅಡುಗೆಮನೆಯಲ್ಲಿ ಬಾಯಿಗೆ ಬಟ್ಟೆ ಅಡ್ಡ ಹಿಡಿದು ನಕ್ಕರು. ಮಗಳು ದಿವ್ಯಾಳಿಗೆ ಆಗ ಇಪ್ಪತ್ತೊಂದು. ಇಷ್ಟೆಲ್ಲ ನಾಟಕ ಅವಳಿಗಾಗಿ. ಕುಡುಕನ ಮಗಳು ಎಂದು ಒಂದು ಬಾಯಿಗೆ ಬಂದರೆ ಸಾಕು, ನಾಲ್ಕು ತಾಲ್ಲೂಕಿಗೆ ಅದು ಹರಡುತ್ತದೆ ಎಂಬುದು ಭಾಗ್ಯಮ್ಮನ ಹೆದರಿಕೆ.

ಮೂರು ವರ್ಷ ಅವನು ಮುಟ್ಟಲಿಲ್ಲ. ಬೆಳಗ್ಗೆ ಲಿಂಗಪೂಜೆ, ಅಂಗಡಿ, ಮಧ್ಯಾಹ್ನ ಮನೆಯ ಊಟ, ಸಂಜೆ ಹೆಂಡತಿಯ ಜೊತೆ ವಾಕಿಂಗು. ಭಾಗ್ಯಮ್ಮ ತನ್ನ ಬದುಕಿನಲ್ಲಿ ಸುಖ ಎಂದು ಕರೆಯಬಹುದಾದದ್ದು ಈ ಮೂರು ವರ್ಷ. ಅಷ್ಟೇ.

ಆಗ ಬಂತು ಹಡಗಿನ ಸಮಾಚಾರ. ಜಿಲ್ಲೆಯಲ್ಲಿ ಹೆಚ್ಚು ಸರಕು ಮಾರಿದ ಹತ್ತು ಅಂಗಡಿಗಳವರನ್ನು ಹೆಂಡತಿಯರ ಸಮೇತ ಔಷಧಿ ಕಂಪನಿಯೊಂದು ಸಮುದ್ರಯಾನಕ್ಕೆ ಕಳಿಸುತ್ತದಂತೆ. ಮುಂಬೈಯಲ್ಲಿ ಹತ್ತುವುದು, ಲಕ್ಷದ್ವೀಪ ನೋಡುವುದು, ಮುಂಬೈಯಲ್ಲಿ ಇಳಿಯುವುದು. ಊಟ, ಉಪಚಾರ ಎಲ್ಲ ಕಂಪನಿಯದೇ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಲ್ಲ ಸೇರಿ ಹತ್ತು ಜನರಲ್ಲಿ ಮುರುಗೇಶನ ಹೆಸರು ಆರನೆಯದು.

"ಹೋಗೋದು ಬ್ಯಾಡ ಕಣೆ" ಎಂದ ಮುರುಗೇಶ. "ಅವ್ರ ಜೊತೆ ಕುಂತೇ ನಾನು ಕಲ್ತಿದ್ದು. ಇನ್ನು ಹಡಗಿನ ಮೇಲೆ ಬಿಟ್ರೆ ಕೇಳಬೇಕಾ?"

"ನಾನು ಪಕ್ಕದಾಗೇ ಇರ್ತೀನಲ್ರೀ."

"ಸೊಂಟ ನೋವು ಅಂತ ಹೇಳಿಬಿಡಾಣ."

ಇಲ್ಲಿ ಒಂದು ನಿಜ ಹೇಳಬೇಕು. ಭಾಗ್ಯಮ್ಮ ಅಲ್ಲಿಯವರೆಗೆ ಸಮುದ್ರ ನೋಡಿರಲಿಲ್ಲ. ಗಂಡನನ್ನು ಕರಾವಳಿಯ ಕೇಂದ್ರಕ್ಕೆ ಬಿಡಲು ಹೋದಾಗಲೂ ಬಸ್ಸಿನ ಸಮುದ್ರ ಕಾಣದ ಬದಿಯಲ್ಲಿ ಕೂತು, ಅವನ ಕೈ ಹಿಡಿದುಕೊಂಡೇ ಹೋಗಿ, ಅಳುತ್ತಾ ವಾಪಸು ಬಂದಿದ್ದಳು. ಅವಳಿಗೆ ಆಸೆಯಿತ್ತು. ಐವತ್ತು ಹತ್ತಿರವಾದ ಹೆಂಗಸಿಗೆ ಒಂದು ಆಸೆ ಇರುವುದು ತಪ್ಪೆಂದು ನಾನಂತೂ ಹೇಳಲಾರೆ. ಆಮೇಲೆ ಅವಳು ತನ್ನನ್ನು ತಾನು ಶಪಿಸಿಕೊಂಡಿದ್ದು ಇದಕ್ಕಾಗಿಯೇ ಹೆಚ್ಚು.

ಆಸೆಯೊಂದೇ ಆಗಿದ್ದರೆ ಮುರುಗೇಶನ ಮಾತು ನಡೆಯುತ್ತಿತ್ತೋ ಏನೋ. ಅದೇ ವಾರ ಚಿತ್ರದುರ್ಗದಿಂದ ರೇವಣಸಿದ್ದಪ್ಪನವರ ಫೋನು ಬಂತು. ಜಿಲ್ಲೆಯ ಅಂಗಡಿಕಾರರಿಗೆಲ್ಲ ಹಿರಿಯರು, ಮಠದಲ್ಲಿ ಮಾತು ನಡೆಯುವವರು. ಅವರ ಮಗ ಗುರುರಾಜನಿಗೆ ದಿವ್ಯಾಳನ್ನು ಕೇಳಿದರು. "ಹಡಗಿನಾಗೆ ಎಲ್ಲ ಒಟ್ಟಿಗೆ ಇರ್ತೀವಲ್ಲ, ಹೆಂಗಸರೂ ಒಬ್ಬರಿಗೊಬ್ಬರು ಹೊಂದ್ಕಳ್ಳಿ. ಬಂದ ಮೇಲೆ ಹೂ ಮುಡಿಸಾಣ" ಎಂದರು. ಇನ್ನು ಸೊಂಟನೋವಿನ ನೆಪ ಹೇಳುವುದೆಲ್ಲಿ ಬಂತು? ಇಂಥ ಸಂಬಂಧ ಮನೆ ಬಾಗಿಲಿಗೆ ಬಂದಾಗ ಹಿಂದೆ ಸರಿದರೆ, ಏನೋ ಇದೆ ಎಂದು ಅವರೇ ಕೆದಕಲು ಶುರು ಮಾಡುತ್ತಾರೆ.

ಹೊರಡುವ ತಿಂಗಳ ಮೊದಲು, ಒಂದು ಭಾನುವಾರ ಬೆಳಗ್ಗೆ, ಹತ್ತು ಜೋಡಿಗಳೂ ರೇವಣಸಿದ್ದಪ್ಪನವರ ಮನೆಯ ಪಡಸಾಲೆಯಲ್ಲಿ ಸೇರಿದರು. ಕಂಪನಿಯ ಜಿಲ್ಲಾ ಪ್ರತಿನಿಧಿ ಕಲ್ಲೇಶ್ ಒಂದು ಫಾರಮ್ಮು ತಂದಿದ್ದ. ಯಾವ ರೂಮಿನವರಿಗೆ ಯಾವ ಊಟ, ಯಾವ ಕುಡಿಯುವ ಪ್ಯಾಕೇಜು ಎಂದು ಗುರುತು ಹಾಕಿ ಅವತ್ತೇ ಕಳಿಸಬೇಕಿತ್ತು. "ಕಳಿಸಿದ ಮೇಲೆ ಬದಲಾಯಿಸಾಕೆ ಬರಲ್ಲ, ಈಗ್ಲೇ ಯೋಚನೆ ಮಾಡ್ರಿ" ಎಂದು ಅವನು ಎರಡು ಸಲ ಹೇಳಿದ.

"ಭಾಗ್ಯಮ್ಮನ ಕೈಗೆ ಕೊಡ್ರಿ, ಮುತ್ತಿನಂಗೆ ಬರೀತಾರೆ" ಎಂದರು ರೇವಣಸಿದ್ದಪ್ಪನವರ ಹೆಂಡತಿ ಕಮಲಮ್ಮ. ಫಾರಮ್ಮು, ಪೆನ್ನು ಎರಡೂ ಭಾಗ್ಯಮ್ಮನ ತೊಡೆಯ ಮೇಲೆ ಬಂದವು.

ಮೊದಲು ಊಟದ ವಿಚಾರ. ಸಸ್ಯಾಹಾರ, ಜೈನರ ಊಟ, ಮಾಂಸಾಹಾರ ಎಂದು ಮೂರು ಬಗೆ. ಜೈನರ ಊಟ ಹೆಚ್ಚು ಮಡಿಯೆಂದು ಹೆಂಗಸರಿಗೆ ಒಂದು ಗಳಿಗೆ ಮನಸ್ಸಾಯಿತು. ಅದರಲ್ಲಿ ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಆಲೂಗಡ್ಡೆಯೂ ಇಲ್ಲ ಎಂದು ಕಲ್ಲೇಶ್ ಹೇಳಿದ ಕೂಡಲೇ, "ಅಯ್ಯೋ ಶಿವನೇ, ಇನ್ನು ಸಮುದ್ರ ನೋಡ್ಕಂಡು ಹೊಟ್ಟೆ ತುಂಬಿಸ್ಕಬೇಕಾ?" ಎಂದು ಕಮಲಮ್ಮ ತಳ್ಳಿಹಾಕಿದರು. ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಹೋಗಬಹುದೇ ಎಂದು ಕೇಳಿದ್ದಕ್ಕೆ ಹೊರಗಿನ ಊಟ ಹಡಗಿನೊಳಗೆ ಬಿಡುವುದಿಲ್ಲ ಎಂಬ ಉತ್ತರ ಬಂತು. ಹೆಂಗಸರು ಹಡಗಿನ ಮಾಲೀಕನಿಗೆ ಚೆನ್ನಾಗಿ ಮಂಗಳಾರತಿ ಎತ್ತಿದರು.

ಎಲ್ಲರಿಗೂ ಸಸ್ಯಾಹಾರ ಎಂದು ಬರೆಯುವಷ್ಟರಲ್ಲಿ ಬಾಗೂರಿನ ಮಾರಣ್ಣ ಎದ್ದು ನಿಂತ. ಕುರಿ ಹಟ್ಟಿಯಲ್ಲಿ ಬೆಳೆದವನು, ಈಗ ಹೊಸದುರ್ಗದಲ್ಲಿ ದೊಡ್ಡ ಅಂಗಡಿ.

"ಯಜಮಾನ್ರೇ, ನೀವು ಬೈದ್ರೂ ಸೈ. ಸಮುದ್ರದ ಮಧ್ಯಕ್ಕೆ ಹೋಗಿ ಮೀನು ತಿನ್ನದೇ ಬರಾಕೆ ನಾನೇನು ಪಾಪ ಮಾಡೀನಿ? ನನಗೂ ನಮ್ಮನೆಯಾಕೆಗೂ ಬ್ಯಾರೆ ಬರೀರಿ."

ಪಡಸಾಲೆ ತುಂಬಾ ನಗು. ರೇವಣಸಿದ್ದಪ್ಪನವರೂ ಹಣೆಯ ವಿಭೂತಿ ಉದುರುವ ಹಾಗೆ ನಕ್ಕರು. "ಬರ್ಕಳಮ್ಮ, ಮಾರಣ್ಣಂಗೆ ಬ್ಯಾರೆ. ಊಟ ಅವರವರ ಮನೆ ಪದ್ಧತಿ." ಅಷ್ಟರಲ್ಲೇ ಮುಗಿದುಹೋಯಿತು. ಭಾಗ್ಯಮ್ಮ ಬರೆದಳು. ಎಷ್ಟು ಸುಲಭವಾಗಿ ಕೇಳಿಬಿಟ್ಟನಲ್ಲ ಎಂದು ಅವಳಿಗೆ ಹೊಟ್ಟೆಕಿಚ್ಚಾಯಿತು.

ಆಮೇಲೆ ಕುಡಿಯುವುದು. ಒಂದನೇ ಪ್ಯಾಕೇಜಿನಲ್ಲಿ ನೀರು, ಕಾಫಿ, ಟೀ. ಎರಡನೆಯದರಲ್ಲಿ ಜ್ಯೂಸು, ಸೋಡಾ, ಐಸ್‌ಕ್ರೀಮು. ಮೂರನೆಯದರಲ್ಲಿ ಅವೆಲ್ಲವೂ ಸೇರಿ ಜೊತೆಗೆ ಬಿಯರು, ವಿಸ್ಕಿ, ರಮ್ಮು, ಎಷ್ಟು ಬೇಕಾದರೂ. ರೂಮಿಗೊಂದರಂತೆ ಬೇರೆ ಬೇರೆ ತೆಗೆದುಕೊಳ್ಳಬಹುದು. ಒಂದು ರೂಮಿನ ಇಬ್ಬರಿಗೆ ಮಾತ್ರ ಒಂದೇ ಇರಬೇಕು ಎಂದ ಕಲ್ಲೇಶ್. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಹೆಂಗಸರಿಗೆ ಥರಾವರಿ ಜ್ಯೂಸು ಸಿಗುತ್ತೆ ಅಂದ್ರೆ ಮೂರನೇದೇ ಆಗಲಿ ಬಿಡ್ರಿ" ಎಂದ ಹಿರಿಯೂರಿನ ಮೂರ್ತಪ್ಪ, ಹೆಂಡತಿಯ ಮೇಲೆ ಇಷ್ಟೊಂದು ಕಾಳಜಿ ತನಗಿತ್ತೆಂದು ಅವನಿಗೇ ಅವತ್ತು ಗೊತ್ತಾದ ಹಾಗೆ.

ಭಾಗ್ಯಮ್ಮ ಗಂಡನ ಕಡೆ ನೋಡಿದಳು. ಮುರುಗೇಶ ಕಿಟಕಿಯಾಚೆ ನೋಡುತ್ತಿದ್ದ. ನಮ್ಮ ರೂಮಿಗೆ ಎರಡನೆಯದು ಸಾಕು ಎಂದರೆ ಆಯಿತು. ನಾಲ್ಕು ಮಾತು. ಆದರೆ ಯಾಕೆ ಎಂದು ಒಬ್ಬರು ಕೇಳಿದರೆ? ಮೊದಲು ಇವನೇ ಎಲ್ಲರಿಗಿಂತ ಮುಂದಿದ್ದನಲ್ಲ ಎಂದು ಮೂರ್ತಪ್ಪ ನೆನಪು ಮಾಡಿಕೊಂಡರೆ? ಎದುರಿಗೆ ಬೀಗರಾಗುವವರು ಕೂತಿದ್ದಾರೆ.

ರೇವಣಸಿದ್ದಪ್ಪ ಗಂಟಲು ಸರಿಮಾಡಿಕೊಂಡರು. "ನೋಡ್ರಪ್ಪ, ಊಟದ ಮಾತು ಬ್ಯಾರೆ. ಕುಡಿಯೋದು ಬಿಡೋದು ಅವರವರಿಗೆ ಬಿಟ್ಟಿದ್ದು. ಆದ್ರೆ ಬರವಣಿಗೇಲಿ ಪಂಕ್ತಿಭೇದ ಬ್ಯಾಡ. ಒಂದೇ ಸಾಲಿನಾಗೆ ಕುಂತೋರಿಗೆ ಒಬ್ಬರಿಗೆ ಬಡಿಸಿ ಒಬ್ಬರಿಗೆ ಬಡಿಸದೇ ಹೋಗೋದು ನಮ್ಮ ಕಡೆ ಇಲ್ಲ. ಎಲ್ಲರಿಗೂ ಮೂರನೇದು ಬರೀಲಿ. ಬ್ಯಾಡ ಅನ್ನೋರು ಮುಟ್ಟಬ್ಯಾಡ್ರಿ. ಏನಂತೀರಿ?"

ಗಂಡಸರು ತಲೆಯಾಡಿಸಿದರು.

"ಯಾರಿಗಾದ್ರೂ ಬ್ಯಾರೆ ಬೇಕಾದ್ರೆ ಹೇಳ್ರಿ." ಪೆನ್ನು ಹಿಡಿದವಳ ಕಡೆ ತಿರುಗಿ, "ಹೇಳಬೇಕು ಅಂದ್ರೆ ಈಗ್ಲೇ ಹೇಳ್ರಮ್ಮ, ಸಂಕೋಚ ಬ್ಯಾಡ" ಎಂದರು.

ಭಾಗ್ಯಮ್ಮ ತಲೆ ತಗ್ಗಿಸಿದಳು. ಮೇಲಿನಿಂದ ಕೆಳಗೆ ಹತ್ತು ಹೆಸರಿನ ಮುಂದೆ ಹತ್ತು ಗುರುತು ಹಾಕಿದಳು. ಆರನೆಯದೂ ಉಳಿದವುಗಳ ಹಾಗೇ ಚಂದವಾಗಿ ಬಂತು, ಅಷ್ಟು ಪಳಗಿದ ಕೈ. ವಾಪಸು ಬರುವಾಗ ಬಸ್ಸಿನಲ್ಲಿ ಮುರುಗೇಶ, "ಪರವಾಗಿಲ್ಲ ಬಿಡು. ಬರೆದಾಕ್ಷಣ ಕುಡಿಯಲೇಬೇಕು ಅಂತ ಏನೈತೆ?" ಎಂದ. ಅವಳಿಗೂ ಅದೇ ಬೇಕಾಗಿತ್ತು, ನಂಬಿದಳು.

ಹಡಗು ಹತ್ತಿದ ಮೇಲೆ ಪ್ರತಿಯೊಬ್ಬರಿಗೂ ಕೊರಳಿಗೆ ಹಾಕಿಕೊಳ್ಳಲು ಒಂದು ಕಾರ್ಡು ಕೊಟ್ಟರು. ಮೂರನೇ ಪ್ಯಾಕೇಜಿನವರ ಕಾರ್ಡಿಗೆ ಬಂಗಾರದ ಬಣ್ಣದ ಅಂಚು. ಊಟದ ಮೇಜಿಗೆ ಬಡಿಸಲು ಬಂದವನು ಮುಖ ನೋಡುತ್ತಿರಲಿಲ್ಲ, ಅಂಚು ನೋಡುತ್ತಿದ್ದ. ನೋಡಿ ಗಾಜಿನ ಲೋಟ ಇಡುತ್ತಿದ್ದ. ಭಾಗ್ಯಮ್ಮನ ಮುಂದೆಯೂ ಇಟ್ಟ. ಮೊದಲ ದಿನ ಮುರುಗೇಶ ತನ್ನ ಲೋಟವನ್ನು ಬೋರಲು ಹಾಕಿ ಮೂಸಂಬಿ ರಸ ಕೇಳಿದ. ಅವಳಿಗೆ ಎಷ್ಟು ಸಂತೋಷವಾಯಿತೆಂದರೆ ಮೇಜಿನ ಕೆಳಗೆ ಅವನ ಕಾಲು ತುಳಿದಳು. ಸುತ್ತಲೂ ಮೂರ್ತಪ್ಪ ಮತ್ತಿತರರು ಕಂಪನಿಯ ಆಯಸ್ಸು ಹೆಚ್ಚಲಿ ಎಂದು ಕುಡಿಯುತ್ತಿದ್ದರು. ಯಾರೂ ಮುರುಗೇಶನನ್ನು ಕೆಣಕಲಿಲ್ಲ. ಹಿಂದೆ, ಒಂದು ಗುಟುಕು ಕಡಿಮೆ ಕುಡಿದರೂ ಗಂಡಸೇ ಅಲ್ಲ ಎಂದು ರೇಗಿಸುತ್ತಿದ್ದ ಜನ ಇವರು. ಅದು ವಿಚಿತ್ರ ಎಂದು ಭಾಗ್ಯಮ್ಮನಿಗೆ ಹೊಳೆಯಲಿಲ್ಲ. ಅವಳು ಸಮುದ್ರ ನೋಡುತ್ತಿದ್ದಳು.

ಎರಡನೇ ದಿನವೂ ಹಾಗೇ ಕಳೆಯಿತು. ಕಮಲಮ್ಮ, ಭಾಗ್ಯಮ್ಮ ಇಬ್ಬರೂ ಹಡಗಿನ ಅಂಚಿನ ಕಟಾಂಜನ ಹಿಡಿದು ನಿಂತು, ದಿವ್ಯಾಳ ಮದುವೆಗೆ ಎಂಥ ಸೀರೆ, ಯಾವ ಛತ್ರ ಎಂದು ಮಾತಾಡಿದರು. ಇಷ್ಟು ನೀರಿದ್ದೂ ಒಂದು ಲೋಟ ಕುಡಿಯಲು ಬರುವುದಿಲ್ಲವಲ್ಲ ಎಂದು ಕಮಲಮ್ಮ ಅಂದದ್ದಕ್ಕೆ ಇಬ್ಬರೂ ನಕ್ಕರು.

ಮೂರನೇ ದಿನ ಮಧ್ಯಾಹ್ನ ಮುರುಗೇಶ ಸ್ವಲ್ಪ ಮಲಗುತ್ತೇನೆ ಎಂದು ರೂಮಿಗೆ ಹೋದ. ಮೂರು ಗಂಟೆಗೆ ಎಲ್ಲರೂ ಸೇರಿ ಫೋಟೋ ತೆಗೆಸಿಕೊಳ್ಳುವುದೆಂದಾಗಿ ಭಾಗ್ಯಮ್ಮ ಅವನನ್ನು ಕರೆಯಲು ಹೋದಳು. ರೂಮಿನಲ್ಲಿರಲಿಲ್ಲ. ಎರಡು ಅಂತಸ್ತು ಹುಡುಕಿದಳು. ಈಜುಕೊಳದ ಪಕ್ಕದ ಬಾರಿನಲ್ಲಿ, ಎತ್ತರದ ಸ್ಟೂಲಿನ ಮೇಲೆ, ಅವನು ಒಬ್ಬನೇ ಕೂತಿದ್ದ. ಮುಂದೆ ಎರಡು ಖಾಲಿ ಲೋಟ, ಕೈಯಲ್ಲಿ ಒಂದು. ಅವಳನ್ನು ನೋಡಿ ನಕ್ಕ. ಹದಿನೈದು ವರ್ಷ ಅವಳು ನೋಡಿದ್ದ ನಗು.

"ಯಾರೂ ಬಲವಂತ ಮಾಡ್ಲಿಲ್ಲ ಕಣೆ, ಯಾರನ್ನೂ ಬೈಬ್ಯಾಡ. ಸುಮ್ನೆ ಈ ಕಡೆ ಬಂದೆ. ಕಾರ್ಡು ನೋಡಿದ, ಏನು ಬೇಕು ಅಂದ. ಬಾಯಿಗೆ ಬಂದುಬಿಡ್ತು."

"ಏಳ್ರೀ. ದಮ್ಮಯ್ಯ ಅಂತೀನಿ, ಏಳ್ರೀ."

"ಇದೊಂದು ಮುಗಿಸ್ತೀನಿ. ಇಳಿದ ಮೇಲೆ ಯಾರು ಮುಟ್ತಾರೆ?"

ಲೋಟ ಕಿತ್ತು ಸಮುದ್ರಕ್ಕೆ ಎಸೆಯಬೇಕೆನ್ನಿಸಿತು. ಅಷ್ಟರಲ್ಲಿ ಮೆಟ್ಟಿಲ ಬಳಿ ಮಾರಣ್ಣ ಕಾಣಿಸಿಕೊಂಡ. ಇವರಿಬ್ಬರನ್ನು ನೋಡಿ, ನೋಡದವನಂತೆ ಬೇರೆ ಮೆಟ್ಟಿಲಿನ ಕಡೆ ತಿರುಗಿ ಹೋದ. ಸದ್ಯ ಅವನ ಗಮನಕ್ಕೆ ಬರಲಿಲ್ಲ ಎಂದು ಭಾಗ್ಯಮ್ಮ ಉಸಿರು ಬಿಟ್ಟಳು. ಗಂಡನ ಬಾಯಿಗೆ ಏಲಕ್ಕಿ ಹಾಕಿ, ತೋಳು ಹಿಡಿದು ರೂಮಿಗೆ ಕರೆದುಕೊಂಡು ಹೋಗಿ ಮಲಗಿಸಿದಳು. ಫೋಟೋಕ್ಕೆ ಒಬ್ಬಳೇ ಹೋಗಿ, "ಅವರಿಗೆ ಸೊಂಟ ಹಿಡ್ಕಂಡೈತೆ" ಎಂದಳು. ಎಲ್ಲರೂ ತಲೆಯಾಡಿಸಿದರು.

ಇಳಿದ ಮೇಲೂ ಮುರುಗೇಶ ಬಿಡಲಿಲ್ಲ. ಗೋಡೌನಿನ ಮಧ್ಯಾಹ್ನಗಳು ಮತ್ತೆ ಶುರುವಾದವು. ಭಾಗ್ಯಮ್ಮ ಅತ್ತಳು, ಉಪವಾಸ ಕೂತಳು, ಗೋಡೌನಿಗೆ ಬೇರೆ ಬೀಗ ಹಾಕಿಸಿದಳು. ದಿವ್ಯಾ, "ಅಮ್ಮ, ಅಪ್ಪನ್ನ ಈಗ್ಲೇ ಆ ಕೇಂದ್ರಕ್ಕೆ ಕರ್ಕೊಂಡು ಹೋಗಾಣ, ನನ್ನ ಮದುವೆ ಎಲ್ಲಿ ಓಡಿಹೋಗುತ್ತೆ?" ಎಂದು ಹಟ ಹಿಡಿದಳು. ಮಗಳ ಮಾತು ಕೇಳಬೇಕಿತ್ತು. ಆದರೆ ನಿಶ್ಚಿತಾರ್ಥ ಎರಡು ವಾರ ಇದೆ ಎನ್ನುವಾಗ ಹೆಣ್ಣಿನ ಅಪ್ಪ ನಲವತ್ತೈದು ದಿನ ಮಾಯವಾದರೆ ಬೀಗರಿಗೆ ಏನು ಹೇಳುವುದು? ನಿಶ್ಚಿತಾರ್ಥ ಮುಗಿಯಲಿ ಎಂದಳು. ನಿಶ್ಚಿತಾರ್ಥ ಮುಗಿಯಿತು, ಹೆಗಲ ಮೇಲೆ ಶಾಲು ಹೊದ್ದು, ಬಾಯಲ್ಲಿ ಏಲಕ್ಕಿ ಇಟ್ಟುಕೊಂಡು ಮುರುಗೇಶ ತಾಂಬೂಲ ಬದಲಾಯಿಸಿಕೊಂಡ. ಮದುವೆ ಮುಗಿಯಲಿ ಎಂದಳು. ಮಾಘಮಾಸಕ್ಕೆ ಮುಹೂರ್ತ ಇಟ್ಟಿದ್ದರು. ಮೂರೂವರೆ ತಿಂಗಳು ತಳ್ಳಿದರೆ ಸಾಕಿತ್ತು.

ಮೂರೂವರೆ ತಿಂಗಳು ಅವನು ಉಳಿಯಲಿಲ್ಲ. ಮದುವೆಗೆ ಇನ್ನು ಐದು ವಾರ ಇರುವಾಗ, ಒಂದು ಬೆಳಗ್ಗೆ ಬಚ್ಚಲಿನಲ್ಲಿ ರಕ್ತ ವಾಂತಿ ಮಾಡಿಕೊಂಡ. ಬಚ್ಚಲಿನ ಬಿಳಿ ಟೈಲ್ಸಿನ ಮೇಲೆಲ್ಲ ರಕ್ತ. ದಾವಣಗೆರೆಯ ಆಸ್ಪತ್ರೆಯಲ್ಲಿ ಮೂರು ದಿನ ಇದ್ದ. ಬೇರೆ ಡಾಕ್ಟರರ ಹತ್ತಿರ ಕರೆದುಕೊಂಡು ಹೋಗಿದ್ದಳು, ಹಿಂದಿನವರು ಬರಬೇಡಿ ಎಂದಿದ್ದರಲ್ಲ. ಎರಡನೇ ದಿನ ಸ್ವಲ್ಪ ಎಚ್ಚರವಾದಾಗ ಅವನು, "ಜನಕ್ಕೆ ಏನಂತ ಹೇಳಿದ್ಯೇ?" ಎಂದು ಕೇಳಿದ. ಗ್ಯಾಸ್ ಟ್ರಬಲ್ ಎಂದು ಹೇಳಿದ್ದೇನೆ ಎಂದಳು. ತಲೆಯಾಡಿಸಿ ಕಣ್ಣು ಮುಚ್ಚಿದ. ಅವರಿಬ್ಬರೂ ಆಡಿಕೊಂಡ ಕೊನೆಯ ಮಾತು ಅದು. ಇಪ್ಪತ್ತಾರು ವರ್ಷ ಸಂಸಾರ ಮಾಡಿದವರಿಗೆ ಕೊನೆಗೆ ಆಡಿಕೊಳ್ಳಲು ಬೇರೆ ಮಾತು ಸಿಗಲಿಲ್ಲ ಎಂದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಮಾತ್ರ ಗೊತ್ತಿಲ್ಲ.

ಹನ್ನೊಂದನೇ ದಿನದ ಶಿವಗಣಾರಾಧನೆಯ ಪತ್ರಿಕೆಯಲ್ಲಿ 'ಹೃದಯಾಘಾತದಿಂದ ಶಿವೈಕ್ಯರಾದರು' ಎಂದು ಅಚ್ಚು ಹಾಕಿಸಿದ್ದೂ ಭಾಗ್ಯಮ್ಮನೇ. ಆ ಹೊತ್ತಿಗೆ ಅವಳಿಗೆ ಸುಳ್ಳು ಹೇಳುತ್ತಿದ್ದೇನೆ ಎಂಬ ಅರಿವೂ ಇರಲಿಲ್ಲ. ಮನೆಯ ಬಾಗಿಲಿಗೆ ಬೀಗ ಹಾಕುವಷ್ಟೇ ಸಲೀಸಾಗಿ ಮಾಡಿದ್ದಳು.

ಆರಾಧನೆಗೆ ನಾಲ್ಕೂ ತಾಲ್ಲೂಕಿನಿಂದ ಜನ ಬಂದರು. ಮನೆಯ ಮುಂದೆ ಶಾಮಿಯಾನ ಹಾಕಿ ಉದ್ದಕ್ಕೆ ಊಟಕ್ಕೆ ಕೂರಿಸಿದ್ದರು. ಹಡಗಿನ ಒಂಬತ್ತು ಅಂಗಡಿಯವರೂ ಬಂದಿದ್ದರು. ಕಮಲಮ್ಮ ನೇರವಾಗಿ ಒಳಕೋಣೆಗೆ ಬಂದು, ಚಾಪೆಯ ಮೇಲೆ ಕೂತಿದ್ದ ಭಾಗ್ಯಮ್ಮನ ಪಕ್ಕದಲ್ಲಿ ಕೂತರು. ಬಹಳ ಹೊತ್ತು ಅವಳ ಬೆನ್ನು ಸವರಿದರು.

"ಮದುವೆ ಬಗ್ಗೆ ತಲೆ ಕೆಡಿಸ್ಕಬ್ಯಾಡ. ಮುಂದಿನ ವರ್ಷ ಮಾಡಾಣ. ದಿವ್ಯಾ ನಮ್ಮನೆ ಸೊಸೆನೇ."

"ಕಮಲಕ್ಕ, ನಿಮಗೆ ಒಂದು ಮಾತು ಹೇಳಬೇಕು" ಎಂದಳು ಭಾಗ್ಯಮ್ಮ. ಗಂಡನೇ ಹೋದ ಮೇಲೆ ಇನ್ನು ಮುಚ್ಚಿಟ್ಟು ಮೋಸ ಮಾಡುವುದು ಅವಳಿಂದಾಗಲಿಲ್ಲ. "ನಮ್ಮನೆಯವ್ರು ಹೋಗಿದ್ದು ಹಾರ್ಟ್ ಅಟ್ಯಾಕಿನಾಗಲ್ಲ."

ಕಮಲಮ್ಮನ ಕೈ ಅವಳ ಬೆನ್ನ ಮೇಲೆ ಹಾಗೇ ಓಡಾಡುತ್ತಿತ್ತು. "ಗೊತ್ತು ಕಣಮ್ಮ."

"ಆಸ್ಪತ್ರೆಯೋರು ಹೇಳಿದ್ರಾ?"

"ಮೊದಲಿಂದ ಗೊತ್ತು. ನೀನು ಅವ್ರನ್ನ ಅಲ್ಲಿಗೆ ಸೇರಿಸಿದ ವಾರದಾಗೇ ಗೊತ್ತು. ಆ ಕೇಂದ್ರದಾಗೆ ನಮ್ಮ ಹಿರಿಯೂರಿನ ಹುಡುಗ ಕೆಲಸಕ್ಕವ್ನೆ. ಗೊತ್ತಿದ್ದೇ ನಾವು ಹೆಣ್ಣು ಕೇಳಿದ್ದು. ನಮ್ಮನೆಯವ್ರು ಏನಂದ್ರು ಗೊತ್ತಾ? ಕುಡಿಯೋದು ಕಲಿಯೋನು ನೂರು ಜನ, ಬಿಟ್ಟೋನು ಇವನೊಬ್ಬ, ಇವನ ಮಗಳನ್ನೇ ತರಾಣ ಅಂದ್ರು."

ಭಾಗ್ಯಮ್ಮ ಅವರ ಕಡೆ ತಿರುಗಿ ಕೂತಳು. "ಮತ್ತೆ ಯಾರ್ಯಾರಿಗೆ ಗೊತ್ತಿತ್ತು?"

"ಹಡಗಿಗೆ ಬಂದೋರಿಗೆಲ್ಲ ಗೊತ್ತಿತ್ತು. ಅದಕ್ಕೇ ಅಲ್ಲಿ ಯಾರೂ ಒಂದು ತೊಟ್ಟು ಕುಡಿ ಅನ್ಲಿಲ್ಲ. ಹಂಗಂತ ಮೊದಲೇ ಮಾತಾಡ್ಕಂಡಿದ್ರು."

"ಅಂದ್ರೆ... ಆ ಫಾರಮ್ಮು?" ಭಾಗ್ಯಮ್ಮನ ದನಿ ಏರಿತು. "ಅವತ್ತು ಎಲ್ಲರಿಗೂ ಒಂದೇ ಬರಿ ಅಂದ್ರಲ್ಲ? ಗೊತ್ತಿದ್ರೆ ನಮ್ಮ ರೂಮು ಯಾಕೆ ಬಿಡಿಸ್ಲಿಲ್ಲ?"

"ಹೆಂಗಮ್ಮ ಬಿಡ್ಸೋದು?" ಕಮಲಮ್ಮ ಈಗ ಅಳುತ್ತಿದ್ದರು. "ನಿಮ್ಮ ರೂಮೊಂದು ಬಿಡು ಅಂದ್ರೆ, ನಮಗೆ ಗೊತ್ತೈತೆ ಅಂತ ಹತ್ತು ಜನರ ಮುಂದೆ ಹೇಳಿದಂಗೆ ಆಗ್ತಿತ್ತು. ನೀನು ಅಷ್ಟು ಕಷ್ಟಪಟ್ಟು ಮುಚ್ಚಿಟ್ಟಿದ್ದೆ. ನಿನ್ನ ಮರ್ಯಾದೆ ನಾವು ತೆಗೀಬೇಕಾ? ಅದಕ್ಕೇ ನಮ್ಮನೆಯವ್ರು ನಿನ್ನ ಮುಖ ನೋಡಿ ಕೇಳಿದ್ರು, ಹೇಳೋದಿದ್ರೆ ಹೇಳ್ರಮ್ಮ ಅಂತ. ನೀನು ತಲೆ ತಗ್ಗಿಸಿ ಬರ್ಕಂಡು ಹೋದೆ. ನೀನೊಂದು ಮಾತು ಅಂದಿದ್ರೆ ಹತ್ತೂ ರೂಮಿಗೆ ಎರಡನೇದೇ ಬರೆಸೋದು ಅಂತ ಅವ್ರು ಮನಸ್ಸಿನಾಗೆ ಇಟ್ಕಂಡಿದ್ರು."

ಭಾಗ್ಯಮ್ಮ ಅಳಲಿಲ್ಲ. ಸೆರಗು ಸರಿಮಾಡಿಕೊಂಡು ಎದ್ದಳು. ಕಮಲಮ್ಮ ಕೈ ಹಿಡಿದರೆ ಬಿಡಿಸಿಕೊಂಡಳು. ಹನ್ನೊಂದು ದಿನದಿಂದ ಕೋಣೆ ಬಿಟ್ಟು ಬರದವಳು ನಡುಮನೆ ದಾಟಿ, ಹೊಸ್ತಿಲು ದಾಟಿ, ಶಾಮಿಯಾನದ ಕೆಳಗೆ ಬಂದು ನಿಂತಳು. ಎರಡು ಸಾಲಿನಲ್ಲಿ ನೂರು ಜನ ಊಟಕ್ಕೆ ಕೂತಿದ್ದರು. ಗೋಧಿ ಹುಗ್ಗಿ ಬಡಿಸುತ್ತಿದ್ದರು.

"ನಮ್ಮನೆಯವ್ರು ಕುಡಿದು ಸತ್ರು" ಎಂದಳು.

ಪಾಠ ಹೇಳುವ ಟೀಚರ್ ದನಿಯಂತೆ ಸ್ಪಷ್ಟವಾದ, ಕೊನೆಯ ಎಲೆಯವರೆಗೂ ಕೇಳುವ ದನಿ. "ಎಲ್ಲರೂ ಕೇಳಿಸ್ಕಳ್ರಿ. ಕುಡಿತ ಬಿಡಿಸೋ ಕೇಂದ್ರದಾಗೆ ಇಟ್ಟಿದ್ದೆ. ಮೂರು ವರ್ಷ ಬಿಟ್ಟಿದ್ರು. ಮತ್ತೆ ಕುಡಿದ್ರು. ಕುಡಿದು ಸತ್ರು."

ಯಾರಾದರೂ ಬೆಚ್ಚಿಬೀಳಬೇಕಿತ್ತು. ಒಬ್ಬರಾದರೂ ಪಕ್ಕದವರ ಮುಖ ನೋಡಬೇಕಿತ್ತು, ಹೌದಾ ಎನ್ನಬೇಕಿತ್ತು. ನೂರು ತಲೆಗಳೂ ಎಲೆಯ ಮೇಲೆ ಬಗ್ಗಿದವು. ರೇವಣಸಿದ್ದಪ್ಪನವರು ಕಲಸಿದ ತುತ್ತನ್ನು ಬಾಯಿಗೆ ಇಡದೆ, ಎಲೆಗೂ ಬಿಡದೆ ಹಿಡಿದುಕೊಂಡಿದ್ದರು. ಮೂರ್ತಪ್ಪ ಕಣ್ಣೊರೆಸಿಕೊಂಡ. ಸಾಲಿನ ತುದಿಯಲ್ಲಿ ಕೂತಿದ್ದ ಮಾರಣ್ಣ ಎಲೆ ಬಿಟ್ಟು ಎದ್ದು ಬಂದು, ಎಂಜಲು ಕೈಯನ್ನು ಹಿಂದೆ ಮಾಡಿಕೊಂಡು ಅವಳ ಮುಂದೆ ನಿಂತ.

"ಗೊತ್ತೈತಮ್ಮ" ಎಂದ. "ನಮಗೆಲ್ಲ ಗೊತ್ತೈತೆ. ಒಳಗೆ ಹೋಗಿ ಕುಂತ್ಕ."